ಚೆಕ್ಕಿಂಗ್ ಮೇಜು

ಹನ್ನೊಂದು ವರ್ಷದಿಂದ ನನ್ನ ಕೆಲಸ
ಹೊಲಿದು ಬಂದ ಪ್ಯಾಂಟನ್ನು ಒಳಹೊರಗು ಮಾಡುವುದು.
ಕೌಲ್ ಬಜಾರಿನ ಓಣಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ,
ಕಾಲಿನ ಸಂದು, ಜೇಬಿನ ಮೂಲೆ, ಜಿಪ್ಪಿನ ಬುಡ.
ತಪ್ಪಿದ ಹೊಲಿಗೆಗೆ ಸೀಮೆಸುಣ್ಣದ ಒಂದು ಗೀಟು.
ದಿನಕ್ಕೆ ನಾನೂರು. ಕಣ್ಣಿಗಿಂತ ಮೊದಲು
ಹೆಬ್ಬೆರಳಿಗೆ ಗೊತ್ತಾಗಿಬಿಡುತ್ತದೆ.

ಅದಕ್ಕೇ ಇರಬೇಕು, ಸಭೆಯ ಹಿರಿಯರು
ನನ್ನ ಹೆಸರು ಹೇಳಿದ್ದು:
"ಎಸ್ತೇರಮ್ಮ ಹೋಗಿ ನೋಡ್ಕೊಂಡು ಬರಲಿ."

ನೋಡಬೇಕಾದದ್ದು ಗಾದಿಲಿಂಗನನ್ನು.
ಮುಂಡರಗಿ ಕಡೆಯ ವಾಷಿಂಗ್ ಘಟಕದಲ್ಲಿ
ಹೊಸ ಬಟ್ಟೆ ಹಳೆಯದಾಗಿ ಕಾಣುವಂತೆ
ಕಲ್ಲು ಹಾಕಿ ತೊಳೆಯುವವನು. ಮೊಣಕೈವರೆಗೂ ನೀಲಿ.
ಒಂಬತ್ತು ತಿಂಗಳಿಂದ ಕಡೇ ಬೆಂಚಿನಲ್ಲಿ ಕೂರುತ್ತಾನೆ.
ದೀಕ್ಷಾಸ್ನಾನ ಕೊಡ್ರಿ ಅನ್ನುತ್ತಾನೆ.

ಆ ಸಂಜೆ ವೆಸ್ಟ್ರಿಯಲ್ಲಿ ಚಹಾ ಆರುವ ತನಕ ಮಾತು.
"ಯಾವ ತಾರೀಖಿಗೆ ರಕ್ಷಣೆ ಹೊಂದಿದೆಪ್ಪ ಅಂದ್ರ
ಜ್ವಾಳ ಕೊಯ್ಯೋ ಟೈಮಿನಾಗ ಅಂತಾನ,"
ಎಂದು ನಕ್ಕರು ದೇವಸಹಾಯಪ್ಪ.
"ಪ್ರಾರ್ಥನ್ಯಾಗ ಅತ್ತಾನ್ರಿ, ನಾನೇ ಕಂಡೀನಿ,"
ಅಂದರು ಕೃಪಾವತಿ ಟೀಚರು.
"ಅಳೋದು ಕುಡುಕರಿಗೆ ಕಲಿಸಬೇಕೇನು?"
"ಹೊಸದನ್ನ ಹಳೇದು ಮಾಡೋ ಕೈ,
ಹಳೇದನ್ನ ಹೊಸದು ಮಾಡೀತೇನು?"
ಹಣ್ಣು ನೋಡಬೇಕು ಎಂದರು ಅಯ್ಯನವರು.
"ಬಳ್ಳಾರಿ ಜಾಲಿಗೂ ಕಾಯಿ ಬಿಡ್ತೈತ್ರಿ,"
ಎಂದು ಯಾರೋ ಕಿಟಕಿಯ ಕಡೆಯಿಂದ.

ಬುಧವಾರ ಹೋದೆ.
ಕೋಟೆಗುಡ್ಡದ ಬಂಡೆ ಕಾದು ಓಣಿಯೆಲ್ಲ ಒಲೆ.
ಅವನಿನ್ನೂ ಬಂದಿರಲಿಲ್ಲ. ಹೆಂಡತಿ ಮಾರೆಮ್ಮ
ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು, ಡಜನ್ನಿನ ಲೆಕ್ಕ.
ಅವಳ ಎಡಗಿವಿ ಕೇಳುವುದಿಲ್ಲ.
ಯಾಕೆಂದು ಓಣಿಗೆಲ್ಲ ಗೊತ್ತು.
ಬಲಕ್ಕೆ ಕೂತು ಕೇಳಿದೆ.

"ಸೋಮವಾರ ಕುಡದಾನ," ಅಂದಳು, ಕತ್ತರಿ ನಿಲ್ಲಿಸದೆ.
ನನ್ನ ಕೈ ಸೆರಗಿನ ಗಂಟಿನ ಸೀಮೆಸುಣ್ಣಕ್ಕೆ ಹೋಯಿತು.
"ಕುಡದು ಬಂದು ಬಾಗಲಾಗ ನಿಂತ.
ಚಿಲಕ ಹಾಕ್ಕೊ, ನಾ ಕರದ್ರೂ ತಗೀಬ್ಯಾಡ ಅಂದ.
ಹೊರಗ ಕಟ್ಟಿ ಮ್ಯಾಲ ಮಲಗಿದ.
ಮುಂಜಾಲೆ ನೋಡಿದ್ರ ಸೊಳ್ಳಿ ಕಡದು ಮಾರಿ ಬಾತಿತ್ತು."
ಅಷ್ಟು ಹೇಳಿ, ಮುಂದಿನ ಪ್ಯಾಂಟು ಎಳೆದುಕೊಂಡಳು.

ಅಷ್ಟರಲ್ಲಿ ಸೈಕಲ್ ಗಂಟೆ.
ಒಂದು ಕಾಲಕ್ಕೆ ಈ ಗಂಟೆಗೆ ಇಡೀ ವಠಾರ
ಬಾಯಿಯ ತುತ್ತಿನ ಜೊತೆ ಮಾತನ್ನೂ ನುಂಗುತ್ತಿತ್ತು.
ನಾನೇ ಬೆನ್ನು ನೆಟ್ಟಗೆ ಮಾಡಿದೆ.
ಮೂಲೆಯಲ್ಲಿ ಅವರ ಚಿಕ್ಕ ಹುಡುಗಿ
ಜೀನ್ಸ್ ಚಿಂದಿಯ ಗೊಂಬೆಯನ್ನು ಬೈಯುತ್ತಿದ್ದಳು:
"ಗಪ್ ಕುಂದ್ರು, ಹಲ್ಲು ಮುರೀತೀನಿ ನೋಡು!"
ಯಾರಿಂದ ಕಲಿತ ಮಾತೋ.
ಅಪ್ಪ ಒಳಗೆ ಬಂದ.
ಅವಳು ಬೈಗುಳ ನಿಲ್ಲಿಸಲಿಲ್ಲ,
ದನಿ ತಗ್ಗಿಸಲಿಲ್ಲ,
ತಿರುಗಿಯೂ ನೋಡಲಿಲ್ಲ.

ಅವನು ನನ್ನ ಕಂಡು ನೀಲಿ ಕೈ ಬೆನ್ನ ಹಿಂದೆ ಕಟ್ಟಿದ.
"ಸೋಮವಾರದ್ದು ಹೇಳ್ಯಾಳೇನ್ರಿ? ಬರ್ಕೋರಿ."
ಸಾಕ್ಷಿ ಹೇಳುವವರಿಗೆಲ್ಲ ಇರುವ
ಕನಸು, ಬೆಳಕು, ಹೆಸರು ಹಿಡಿದು ಕರೆದ ದನಿ,
ಒಂದೂ ಇರಲಿಲ್ಲ ಅವನ ಬಳಿ.

ನನ್ನನ್ನು ಯಾರೂ ತಾರೀಖು ಕೇಳಿಲ್ಲ.
ಅಜ್ಜ ಮಿಷನ್ ಆಸ್ಪತ್ರೆಯ ಕಾಂಪೌಂಡರು,
ಅಷ್ಟು ಸಾಕಾಗಿತ್ತು.
ಮೂರಡಿ ಗೋಡೆ ಜಾಗಕ್ಕೆ ತಂಗಿಯ ಜೊತೆ ಮಾತು ಬಿಟ್ಟು
ಏಳು ಕ್ರಿಸ್‌ಮಸ್ ಆದವು.
ತಿಂಗಳು ತಿಂಗಳೂ ಅವಳ ಸಾಲಿನಲ್ಲೇ ಮೊಣಕಾಲೂರಿ
ರೊಟ್ಟಿಗೆ ಕೈ ಒಡ್ಡಿದ್ದೇನೆ.
ಹೊರಗಿನಿಂದ ಹೊಲಿಗೆ ನೇರವಾಗಿದೆ.

ಭಾನುವಾರ ಮತ್ತೆ ಚಹಾ.
ದೇವಸಹಾಯಪ್ಪ ರಿಜಿಸ್ಟರು ಬಿಚ್ಚಿ
ಪೆನ್ನಿನ ಮುಚ್ಚಳ ತೆಗೆದರು.
"ಹೂಂ ಅಂತೀರೋ, ಇಲ್ಲ ಅಂತೀರೋ?"

"ಅಪ್ಪ ಒಳಗ ಬಂದ್ರೂ ಮಗಳು
ಗೊಂಬಿ ಬೈಯೋದು ನಿಲ್ಲಿಸಲಿಲ್ಲ ಅಂತ ಬರೀರಿ," ಅಂದೆ.

ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು
ಅವರು ಪುಟ ತಿರುವುತ್ತಲೇ ಇದ್ದರು.
ಕೃಪಾವತಿ ಟೀಚರು ಮಾತ್ರ
ತಮ್ಮ ಕಿವಿಯನ್ನು ಒಮ್ಮೆ ಮುಟ್ಟಿಕೊಂಡರು.

ಆರಾಧನೆಯ ಎರಡನೇ ಗಂಟೆ ಬಾರಿಸಿತು.
ಹೊರಗೆ ಮೆಟ್ಟಿಲ ಬಳಿ ತಂಗಿ ಚಪ್ಪಲಿ ಬಿಡುತ್ತಿದ್ದಳು,
ನನ್ನದಕ್ಕಿಂತ ಮೂರಡಿ ದೂರ.